ಬೋರಲು ದೋಣಿಯ ಕೆಳಗಿನ ಭಾನುವಾರ

ನನ್ನ ಮುಖದಲ್ಲಿ ಏನು ಬರೆದಿದೆಯೋ ಕಾಣೆ, ಕಂಡವರೆಲ್ಲ ಏನಾದರೊಂದನ್ನು ನನ್ನ ಕೈಗೆ ಕೊಟ್ಟು "ಸ್ವಲ್ಪ ಹಿಡ್ಕೋರಿ" ಎನ್ನುತ್ತಾರೆ. ಬಸ್ಸಿನಲ್ಲಿ ಗುರುತಿಲ್ಲದವರ ಕೂಸು, ಮದುವೆಯಲ್ಲಿ ಅಕ್ಷತೆಯ ತಟ್ಟೆ, ಓಣಿಯವರ ಏಣಿ, ಎಲ್ಲವನ್ನೂ ಹಿಡಿದಿದ್ದೇನೆ. ಕೊಟ್ಟವರು ಬೇಗ ಬಂದದ್ದು ಮಾತ್ರ ನೆನಪಿಲ್ಲ. ವಾರವೆಲ್ಲ ಸುರಪುರದಿಂದ ಶಹಾಪುರದ ಕಚೇರಿಗೆ ಬಸ್ಸಿನ ಕಂಬಿ ಹಿಡಿದು ನಿಂತೇ ಓಡಾಡುವ ನನಗೆ ಉಳಿದಿದ್ದ ಆಸೆ ಒಂದೇ: ಭಾನುವಾರ ಮಧ್ಯಾಹ್ನ ಜೋಳದ ರೊಟ್ಟಿ ಉಂಡು, ಏನನ್ನೂ ಹಿಡಿಯದೆ ಮಲಗುವುದು. ಅದಕ್ಕೂ ಕಲ್ಲು ಬಿತ್ತು.

ಹಾಕಿದವನು ನನ್ನ ಹೆಂಡತಿಯ ತಮ್ಮ ಶರಣಪ್ಪ. ತಗಡಿನ ಟ್ರಂಕು ಮಾಡುವುದು ಅವನ ಕಸುಬು. ಬೋನಾಳದ ಮೀನುಗಾರರೊಬ್ಬರು ದೋಣಿ ಕೇಳಿದರಂತೆ. ಅಂಗಡಿಯಲ್ಲಿ ಜಾಗವಿಲ್ಲವೆಂದು ತಗಡನ್ನೆಲ್ಲ ತಂದು ನಮ್ಮ ಅಂಗಳದಲ್ಲಿ ದೋಣಿಯಾಕಾರಕ್ಕೆ ಬಾಗಿಸಿ ಬೋರಲು ಹಾಕಿದ. "ವೆಲ್ಡಿಂಗ್ ಮಾಡಿಸಬಾರದೇನೋ?" ಎಂದು ಅಂಗಲಾಚಿದೆ.

"ತೆಳ್ಳನ ತಗಡ ಐತಿ ಮಾಮಾ, ಸುಟ್ಟು ತೂತು ಬೀಳತದ. ರಿವೆಟ್ಟೇ ಆಗಬೇಕು. ನೀವು ಒಳಗ ಕುಂತು ಸ್ವಲ್ಪ ಹಿಡ್ಕೋರಿ, ಸಾಕು."

ಎರಡು ತಗಡು ಕೂಡುವಲ್ಲಿ ಒಳಗಿನಿಂದ ರಿವೆಟ್ ಮೊಳೆ ತೂರಿಸಿ, ಅದರ ತಲೆಗೆ ನಾನು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಹೊರಗೆ ಚಾಚಿದ ತುದಿಯನ್ನು ಅವನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಾನೆ. ಒಳಗಿನ ಕೈ ಸಡಿಲಾದರೆ ಹೊರಗಿನ ಪೆಟ್ಟು ದಂಡ. ಹೆಸರು ಬರುವುದು ಬಡಿದವನಿಗೆ. ಕಿವಿ ಹೋಗುವುದು ಹಿಡಿದವನದು. ಭಾನುವಾರಗಳು ಹೀಗೇ ಕಳೆದವು. ನನಗೆ ಸಾಕುಸಾಕಾಗಿತ್ತು.

ಕಡೆಯ ಸಾಲಿನ ರಿವೆಟ್ಟುಗಳನ್ನು ನಾನು ಬಿಗಿಯಾಗಿ ತೂರಿಸಿಟ್ಟ ಹೊತ್ತಿಗೆ ಅವನು ಚಹಾ ಕುಡಿಯಲು ಎದ್ದ. ದೋಣಿಯ ಕೆಳಗೆ ಕತ್ತಲೆಯಿತ್ತು, ಯಾರೂ ಕೂಗುತ್ತಿರಲಿಲ್ಲ. ಗಟ್ಟಿ ಮೆಲ್ಲಗೆ ಹೊಟ್ಟೆಯ ಮೇಲಿಳಿಯಿತು, ಕಣ್ಣೂ ಮುಚ್ಚಿತು. ಅವನು ಬಂದು ಬಡಿದದ್ದು ಯಾರದೋ ಮನೆಯ ಸದ್ದಿನಂತೆ ಕೇಳಿಸಿತು. ವರ್ಷದಲ್ಲೇ ಅಂಥ ನಿದ್ದೆ ಮಾಡಿರಲಿಲ್ಲ.

ಬೋನಾಳ ಕೆರೆಗೆ ಇಳಿಸಿದಾಗ ದೋಣಿ ತೇಲಿತು. ಆಮೇಲೆ ಆ ಕಡೆಯ ಸಾಲಿನಿಂದಲೇ ನೀರು ಜಿನುಗಿತು. ಶರಣಪ್ಪ ರಿವೆಟ್ಟಿನ ತಲೆಯನ್ನು ಬೆರಳಿನಿಂದ ಅಲ್ಲಾಡಿಸಿ ನನ್ನನ್ನು ನೋಡಿದ. "ಮಾಮಾ, ಒಳಗ ನಿದ್ದಿ ಮಾಡೀರೇನು?"

"ಮನ್ಯಾಗ ಗೊರಕಿ ಕೇಳತಿತ್ತು," ಎಂದಳು ದೋಣಿ ನೋಡಲು ಬಂದಿದ್ದ ಹೆಂಡತಿ. "ನಾ ತಗಡಿನ ಸಪ್ಪಳ ಅಂತ ತಿಳಕೊಂಡೆ."

ದೋಣಿ ಮತ್ತೆ ಅಂಗಳಕ್ಕೆ ಬಂತು. ಸಾಲು ಬಿಚ್ಚಿ ಬಡಿಯುವಾಗ ಹೊಸ ಕರಾರು: ನಾನು ಎಚ್ಚರವಿದ್ದೇನೆಂದು ತಿಳಿಯಲು ಒಳಗಿನಿಂದ ಏನಾದರೂ ಗಟ್ಟಿಯಾಗಿ ಹೇಳುತ್ತಿರಬೇಕು. ಹಾಡು ಬಾರದ ನಾನು ಮಗ್ಗಿ ಹಿಡಿದೆ. ದನಿ ನಿಂತರೆ ಹೆಂಡತಿ ಲಟ್ಟಣಿಗೆಯಿಂದ ತಗಡು ಕುಟ್ಟುತ್ತಿದ್ದಳು. ಪಕ್ಕದ ಮನೆಯ ಖಾಜಾಬಿ ಗೋಡೆಯಾಚೆಯಿಂದ ಕೇಳಿದಳು: "ಅಣ್ಣಾರ, ದೋಣಿಗಿ ಟ್ಯೂಷನ್ ಹೇಳಾಕತ್ತೀರೇನು?"

ಮುಂದಿನ ಭಾನುವಾರ ಕೆರೆಯಲ್ಲಿ ಒಂದು ಹನಿಯೂ ಒಳಬರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ದೋಣಿಯ ಅಭಿಮಾನಕ್ಕಲ್ಲ, ಮನೆಯಲ್ಲಿ ಹಾಸಿ ಬಂದಿದ್ದ ಚಾಪೆ ನೆನಪಾಗಿ. ಹೊರಡಬೇಕೆಂದು ತಿರುಗುವಷ್ಟರಲ್ಲಿ ಮೀನುಗಾರರು ದೋಣಿಯ ಹಗ್ಗವನ್ನು ನನ್ನ ಕೈಗಿಟ್ಟರು. "ಸಾಹೇಬ್ರ, ಹುಟ್ಟು ತರತೇನಿ, ಸ್ವಲ್ಪ ಹಿಡ್ಕೋರಿ." ಶರಣಪ್ಪನೂ ಅವರ ಹಿಂದೆ ಹೋದ.

ಬಿಸಿಲು ಏರಿತು. ಯಾರೂ ಬರಲಿಲ್ಲ. ತಂಪುಗಾಳಿಗೆ ರೆಪ್ಪೆ ಇಳಿಯತೊಡಗಿದಾಗ ಬೆಚ್ಚಿ ನೆಟ್ಟಗೆ ನಿಂತೆ. ಹಗ್ಗವನ್ನು ಬಿಗಿಯಾಗಿ ಹಿಡಿದು, ಯಾರೂ ಹೇಳದೆಯೇ ಶುರು ಮಾಡಿದೆ: "ಎರಡೊಂದ್ಲೆ ಎರಡು..."