ದೇವರ ಸ್ಟೋರ್‌ಕೀಪರ್

ಕ್ರಿ.ಶ. 1971, ನವೆಂಬರ್ 14, ಭಾನುವಾರ. ಆಧಾರ: ಸಾಂತಾಕ್ರೂಜ್‌ನಲ್ಲಿ ಸೇರುತ್ತಿದ್ದ ನಮ್ಮ ಕನ್ನಡ ಕ್ರೈಸ್ತ ಸಭೆಯ ಸುಗ್ಗಿಹಬ್ಬದ ಹರಾಜು ಪಟ್ಟಿ, ಕ್ರಮಸಂಖ್ಯೆ ಏಳು, ಹದಿನೈದು ಮತ್ತು ಇಪ್ಪತ್ತೆರಡು. ವಾರವನ್ನು ಹಳೆಯ ಕ್ಯಾಲೆಂಡರಿನೊಡನೆ ತಾಳೆ ನೋಡಿದ್ದೇನೆ, ಸರಿಯಿದೆ. ಈ ಮೂರೂ ಸಾಲುಗಳಲ್ಲಿ ವಸ್ತು ಒಂದೇ: ಕೆಂಪು ಹುಂಜ. ಕೊಟ್ಟವರು ಒಬ್ಬರೇ, ಕೊಂಡವರೂ ಅವರೇ! ಅವರು ನನ್ನ ಕಾಕಾ. ತಾನೇ ಕೊಟ್ಟ ಹುಂಜವನ್ನು ಒಂದೇ ಮಧ್ಯಾಹ್ನ ತಾನೇ ಮೂರು ಸಲ ಕೊಂಡ ಇನ್ನೊಬ್ಬ ಮನುಷ್ಯ ಮುಂಬಯಿಯಲ್ಲಿ ಇದ್ದಿದ್ದರೆ ದಯವಿಟ್ಟು ದಾಖಲೆ ಸಮೇತ ತಿಳಿಸಿ. ಈ ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತೇನೆ.

ಸಾಂತಾಕ್ರೂಜ್‌ನಲ್ಲಿ ಸುಗ್ಗಿ ಎಲ್ಲಿಂದ ಬಂತು, ಹೊಲ ಯಾರದು ಎಂದು ಕೇಳಬೇಡಿ. ಗದಗ, ಧಾರವಾಡದ ಕಡೆಯಿಂದ ಬಂದ ನಮ್ಮ ಜನ ಹೊಲ ಬಿಟ್ಟು ಬಂದಿದ್ದರು, ಹಬ್ಬ ಬಿಟ್ಟು ಬಂದಿರಲಿಲ್ಲ. ಮಾರ್ಕೆಟ್ಟಿನ ಕುಂಬಳಕಾಯಿಯನ್ನೇ ಸ್ವಂತ ಹೊಲದ್ದೆಂಬ ಗಾಂಭೀರ್ಯದಿಂದ ಹೊತ್ತು ತಂದು ದೇವರ ಮುಂದಿಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಹರಾಜು, ಬಂದದ್ದೆಲ್ಲ ಬಡವರಿಗೆ. ಕಾಕಾ ಮಾತ್ರ ಹುಂಜವನ್ನು ಮನೆಯ ಗ್ಯಾಲರಿಯಲ್ಲೇ, ಅಂದರೆ ಮುಚ್ಚಿದ ಬಾಲ್ಕನಿಯಲ್ಲೇ, ಸಾಕಿ ತಂದಿದ್ದರು. ಓದಲೆಂದು ಮುಂಬಯಿಗೆ ಬಂದು ಆ ಗ್ಯಾಲರಿಯಲ್ಲಿ ಮಲಗುತ್ತಿದ್ದವನು ನಾನಾದ್ದರಿಂದ, ಅದರ ಕಂಠಶಕ್ತಿಯ ಬಗ್ಗೆ ನಾನೇ ಪ್ರತ್ಯಕ್ಷ ಸಾಕ್ಷಿ.

ಸವಾಲು ಶುರುವಾಯಿತು. ಕಾಕಾ ಕೂಗಿದರು. ಎದುರು ಕೂಗುವವರು ಯಾರೂ ಇಲ್ಲ. ತಡೆಯಲಾರದೆ ಕಾಕಾ ಮತ್ತೆ ಏರಿಸಿದರು!

"ಕಾಕಾರ, ಕಡೀ ಸವಾಲು ನಿಮ್ದ ಐತ್ರಿ!" ಎಂದರು ಸಭಾಪಾಲಕರು.

"ಇರವಲ್ಲದ್ಯಾಕ್ರಿ? ಇಂಥಾ ಹುಂಜಕ್ಕ ಅಷ್ಟ ಕೂಗಾಕ ಆ ಮನಶ್ಯಾಗ ನಾಚಿಕಿ ಬರಬೇಕು!"

ಆ ಮನುಷ್ಯ ತಾವೇ ಎಂಬುದು ಅವರಿಗೆ ಮರೆತೇ ಹೋಗಿತ್ತು. ಕೊಂಡರು, ದೇವರಿಗೆ ಕೊಟ್ಟದ್ದನ್ನು ಮನೆಗೆ ಒಯ್ಯಬಾರದೆಂದು ಅಲ್ಲೇ ಮತ್ತೆ ಕೊಟ್ಟರು, ಮತ್ತೆ ಕೊಂಡರು. ಮೂರನೆಯ ಸಲ ಕಾಕು, ಅಂದರೆ ಅವರ ಹೆಂಡತಿ, ಎದ್ದು ಬಂದು ಹುಂಜವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು. "ದೇವರಿಗೆ ಸಾಕಾಗೇತಿ, ನಡೀರಿ ಇನ್ನ!"

ಕಾಕಾ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ಅಲ್ಲಿ ಚೀಟಿಯಿಲ್ಲದೆ ಮ್ಯಾನೇಜರಿಗೂ ಒಂದು ಮೊಳೆ ಕೊಟ್ಟವರಲ್ಲ. ಮನೆಗೆ ಬಂದರೆ ಮನುಷ್ಯನೇ ಬೇರೆ! "ಹಿಂಗ್ಯಾಕ್ರಿ ಕಾಕಾ?" ಎಂದು ಒಮ್ಮೆ ಕೇಳಿದೆ.

"ಎಲ್ಲಾ ಕಡೆ ನಾ ಕೀಪರ್ ಅಷ್ಟ, ತಮ್ಮಾ. ಕಂಪನಿ ಸ್ಟೋರಿನಾಗಿಂದು ಕೊಟ್ಟರ ಕಳವು. ದೇವರ ಸ್ಟೋರಿನಾಗಿಂದು ಇಟ್ಕೊಂಡರ ಕಳವು."

ಈ ದೇವರ ಸ್ಟೋರಿನ ವ್ಯಾಪ್ತಿ ಎಷ್ಟೆಂದು ನನಗೆ ತಿಳಿದದ್ದು ತಡವಾಗಿ. ಒಂದು ಸಂಜೆ ವಿಲೆ ಪಾರ್ಲೆಯಿಂದ ನಡೆದು ಬರುತ್ತಿದ್ದೆ. ಹೊಟೇಲೊಂದರ ಗೇಟಿನಲ್ಲಿದ್ದ ಗೂರ್ಖಾ ನನಗೆ ಸಲಾಂ ಹೊಡೆದ. ಅಷ್ಟು ದೊಡ್ಡ ಮನುಷ್ಯ ನಾನು ಯಾವಾಗ ಆದೆ? ಹತ್ತಿರ ಹೋಗಿ ನೋಡಿದರೆ, ಅವನ ಮೈಮೇಲೆ ನನ್ನ ಅಂಗಿ! ನನ್ನ ಅವ್ವ ಗದಗಿನಿಂದ ಹೊಲಿಸಿ ಕಳಿಸಿದ್ದು. ಸಲಾಂ ಹೊಡೆದದ್ದು ಗೂರ್ಖಾನೋ ಅಂಗಿಯೋ, ಇಂದಿಗೂ ನಿರ್ಣಯವಾಗಿಲ್ಲ.

ಇನ್ನು ಫ್ರಿಜ್ಜಿನ ವಿಷಯ. ವರ್ಗವಾಗಿ ಹೋಗುತ್ತಿದ್ದ ಅಧಿಕಾರಿಯೊಬ್ಬರು ತಮ್ಮ ಹಳೆಯ ಫ್ರಿಜ್ಜನ್ನು ಕಾಕಾನಿಗೆ ಬಿಟ್ಟುಹೋದರು. ನಮ್ಮ ಇಡೀ ಬಿಲ್ಡಿಂಗಿಗೆ ಅದೊಂದೇ ಫ್ರಿಜ್ಜು. ಕಾಕು ಅದಕ್ಕೊಂದು ಕಸೂತಿಯ ಮುಸುಕು ಹೊಲಿದರು. ಮುಸುಕು ಮುಗಿಯುವುದರೊಳಗೆ ಫ್ರಿಜ್ಜು ತುಂಬಿಹೋಗಿತ್ತು! ಮೇಲಿನ ಖಾನೆ ಮಹಡಿಯ ಮರಾಠಿ ಆಜಿಯ ಉಪವಾಸದ ಹಾಲು, ಶ್ರೀಖಂಡಕ್ಕೆ. ಕೆಳಗಿನ ಖಾನೆ ಇಮಾಮಸಾಬರ ಮಟನ್ನಿಗೆ. ಇಮಾಮಸಾಬರು ವಿಜಾಪುರದ ಕಡೆಯ ದರ್ಜಿ. ನಮ್ಮ ಮೆಟ್ಟಿಲಿನ ಕೆಳಗೇ ಅವರ ಮಷೀನು, ಹಿಂದಿನ ನಾಲೆಯ ದಂಡೆಯಲ್ಲಿ ತಗಡಿನ ಮನೆ. ನಡುವಿನ ಖಾನೆಯಲ್ಲಿ ಉಳಿದ ಏಳು ಮನೆಗಳ ಹಿಟ್ಟು, ಚಟ್ನಿ, ಮೀನು. ವಾಸನೆ ಕೆಳಕ್ಕಿಳಿಯುತ್ತದೆಯೇ ಹೊರತು ಮೇಲೇರುವುದಿಲ್ಲ ಎಂಬ ಭೌತಶಾಸ್ತ್ರದ ಹೊಸ ನಿಯಮವನ್ನು ಆಜಿ ಒಪ್ಪಿಕೊಂಡದ್ದರಿಂದ ಶಾಂತಿ ನೆಲೆಸಿತ್ತು.

ಕಾಕು ಕೇಳಿದರು: "ಎಲ್ಲಾರಿಗೂ ಒಂದೊಂದು ಖಾನೆ ಆತು. ನಮಗ?"

ಕಾಕಾ ತುಸು ಯೋಚಿಸಿ ಉತ್ಸಾಹದಿಂದ ಹೇಳಿದರು: "ನಮಗ ಬಾಗಲಾ ಐತಲ್ಲ!"

ಹೀಗೆ ಕಾಕುವಿಗೆ ಫ್ರಿಜ್ಜಿನ ಬಾಗಿಲು ಸಿಕ್ಕಿತು. ಅದರಲ್ಲಿ ಎರಡು ಬಾಟಲಿ ನೀರಿಡುತ್ತಿದ್ದರು. ಆ ನೀರನ್ನೂ ಪೋಸ್ಟ್‌ಮನ್ ಕುಡಿಯುತ್ತಿದ್ದ!

1972ರ ಮಳೆಗಾಲ. ನಾನು ಗ್ಯಾಲರಿಯಲ್ಲಿ ಕುಳಿತು ಪ್ರಾಚೀನ ದಾನಶಾಸನಗಳ ಕಾಲನಿರ್ಣಯದ ಮೇಲೆ ವಿಶ್ವವಿದ್ಯಾಲಯದ ಪ್ರಬಂಧ ಮುಗಿಸುವ ಆತುರದಲ್ಲಿದ್ದೆ. ಒಂದು ಬೆಳಿಗ್ಗೆ ನಾಲೆಯ ದಂಡೆ ಕುಸಿದು ಇಮಾಮಸಾಬರ ಮನೆಯ ಗೋಡೆ ಬಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಅವರ ಹೆಂಡತಿ ಮಾಬೂಬಿ ತುಂಬು ಬಸುರಿ. ಮಳೆಯೋ ನಿಲ್ಲುವ ಲಕ್ಷಣವಿಲ್ಲ. ಊರಿಗೆ ಹೋಗುವ ದಿನ ಮೀರಿತ್ತು. ಬಿಲ್ಡಿಂಗಿನಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ, ಬಾಣಂತಿಗೆ ಒಪ್ಪುವ ಜಾಗ ಒಂದೇ: ನನ್ನ ಗ್ಯಾಲರಿ.

ಕಾಕಾ ನನ್ನೆದುರು ಬಂದು ನಿಂತರು. ನನ್ನ ಅಂಗಿಯನ್ನು ಕೇಳದೇ ಕೊಟ್ಟವರು ಅಂದು ಕೇಳಿದರು: "ತಮ್ಮಾ, ಇದು ನಿನ್ನ ಜಾಗಾ. ನೀ ಹೂಂ ಅಂದರ ಅಷ್ಟ."

ಮುಂದಿನದನ್ನು ನಾನು ಐವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಮಕ್ಕಳಿಗೆ ಹೇಳಿದ್ದೇನೆ, ಮೊಮ್ಮಕ್ಕಳಿಗೆ ಹೇಳಿದ್ದೇನೆ. ಒಂದು ಸುಗ್ಗಿಹಬ್ಬದ ದಿನ ಸಭೆಯ ಮುಂದೆ ನಿಂತು ಸಾಕ್ಷಿಯಾಗಿಯೂ ಹೇಳಿದ್ದೇನೆ. ನಾನು ಆ ಕ್ಷಣವೇ ಹೂಂ ಅಂದೆ. ಪುಸ್ತಕದ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿದೆ. ಮೆಟ್ಟಿಲ ಮೇಲೆ ಒದ್ದೆಯಾಗಿ ಕುಳಿತಿದ್ದ ಮಾಬೂಬಿ ತಲೆಯೆತ್ತಿ, "ನಿನ್ನ ಹೊಟ್ಟಿ ತಣ್ಣಗಿರಲಿ, ಭಾಯಿ" ಎಂದು ಹರಸಿದಳು. ನಾನು ಮುಲುಂಡ್‌ನಲ್ಲಿದ್ದ ಗೆಳೆಯನ ರೂಮಿಗೆ ಹೋದೆ. ಐದನೆಯ ದಿನ ಗ್ಯಾಲರಿಯಲ್ಲಿ ಹೆಣ್ಣುಮಗು ಹುಟ್ಟಿತು. ಎರಡನೆಯ ವಾರ ನಾನು ಮರಳಿದಾಗ ಇಡೀ ಬಿಲ್ಡಿಂಗು ನನ್ನನ್ನು ಮದುಮಗನ ಹಾಗೆ ಬರಮಾಡಿಕೊಂಡಿತು! ಆಜಿ ಶ್ರೀಖಂಡ ಕೊಟ್ಟರು. ಇಮಾಮಸಾಬರು ನನ್ನ ಅಳತೆ ತೆಗೆದುಕೊಂಡು, ಬೇಡಬೇಡವೆಂದರೂ ಒಂದು ಕೋಟು ಹೊಲಿದರು. ಅದನ್ನೇ ತೊಟ್ಟು ನಾನು ಪರೀಕ್ಷಕರ ಎದುರು ಕುಳಿತೆ. ಆಮೇಲೆ ಗ್ಯಾಲರಿಯಲ್ಲಿ ಅವರಿದ್ದ ನಾಲ್ಕು ತಿಂಗಳೂ ನಾನು ಅಡಿಗೆಮನೆಯ ಹೊಸ್ತಿಲ ಬಳಿ ಸಂತೋಷದಿಂದ ಮಲಗಿದೆ. ಅಲ್ಲಿಂದ ಮುಂದೆ ಜೀವನದಲ್ಲಿ ಯಾರಾದರೂ ಬಾಗಿಲಿಗೆ ಬಂದು ಕೇಳಿದಾಗ ಇಲ್ಲವೆನ್ನಲು ನನಗೆ ಬಾಯೇ ಬರಲಿಲ್ಲ. ಗ್ಯಾಲರಿ ಬಿಟ್ಟುಕೊಟ್ಟವನು, ಬೇರೇನನ್ನು ಬಿಗಿಹಿಡಿಯಲಿ?

ಈ ಬರಹಕ್ಕೆಂದು ತಾರೀಖು ಖಚಿತಪಡಿಸಿಕೊಳ್ಳಲು ಹೋದ ತಿಂಗಳು ಗದಗಿನಿಂದ ಅಪ್ಪನ ಹಳೆಯ ಕಾಗದಗಳನ್ನು ತರಿಸಿದೆ. ಅವುಗಳಲ್ಲಿ ಕಾಕಾ ತಮ್ಮ ಅಣ್ಣನಿಗೆ, ಅಂದರೆ ನನ್ನ ಅಪ್ಪನಿಗೆ, ಬರೆದ ಒಂದು ಕಾರ್ಡು ಇತ್ತು. ಅಂಚೆಮುದ್ರೆ ಸ್ಪಷ್ಟವಾಗಿದೆ: 1972, ಜುಲೈ 11. ಇದ್ದುದನ್ನು ಇದ್ದಂತೆ ಪ್ರತಿ ಮಾಡುತ್ತೇನೆ:

"ಪ್ರಿಯ ಅಣ್ಣಗ ಕರ್ತನಲ್ಲಿ ವಂದನೆ. ಹುಡುಗ ನಿನ್ನೆ ಸಿಟ್ಟಿಗೆದ್ದು ಮುಲುಂಡಕ್ಕ ಹೋದ. ಜಾಗಾ ಕೊಡಂಗಿಲ್ಲ ಅಂತ ಪುಸ್ತಕದ ಟ್ರಂಕು ಬಾಗಲಕ್ಕ ಅಡ್ಡ ಇಟ್ಟಿದ್ದ. ಇದೇನು ಧರ್ಮಶಾಲಿ ಏನು ಅಂತ ಒದರ್‍ಯಾಡಿದ. ಅವ ಹೋದ ಮ್ಯಾಲೆ ಟ್ರಂಕು ನಾನ ಸರಿಸೇನಿ. ಆ ಹೆಣ್ಣಮಗಳು ಒಳಗ ಬರಾಕ ಅಂಜತಿದ್ಲು. ನಮ್ಮ ಹುಡುಗ ತಾನ ಜಾಗಾ ಬಿಟ್ಟುಕೊಟ್ಟು ಹೋಗ್ಯಾನವಾ ಅಂದೆ. ಎಲ್ಲಾರಿಗೂ ಹಂಗ ಹೇಳೇನಿ. ಅಲ್ಲಿ ನೀನೂ ಹಂಗ ಹೇಳು. ಅವಗ ಬೈದು ಕಾಗದ ಬರೀಬ್ಯಾಡ. ಹುಡುಗ ಒಳ್ಳ್ಯಾವ ಅದಾನ, ಇನ್ನೂ ಅವಗ ಗೊತ್ತಿಲ್ಲ. ಅಕಿ ಅತ್ತು, ನಿನ್ನ ಹೊಟ್ಟಿ ತಣ್ಣಗಿರಲಿ ಭಾಯಿ ಅಂದ್ಲು. ಅವ ಬಂದ ಕೂಡ್ಲೆ ಅವಗ ಮುಟ್ಟಸ್ತೀನಿ."

ನಿನ್ನೆ ಆ ಕಾರ್ಡನ್ನು ಮೂರು ಸಲ ಓದಿದೆ. ಅಕ್ಷರ ಕಾಕಾನದೇ; ತಾರೀಖು ನಿಶ್ಚಿತ. ದಾಖಲೆಯ ಪ್ರಕಾರ, ಮಾಬೂಬಿ ಆ ಮಾತು ಹೇಳಿದಾಗ ನಾನು ಮೆಟ್ಟಿಲ ಮೇಲೆ ಇರಲೇ ಇಲ್ಲ. ಐವತ್ತು ವರ್ಷಗಳಿಂದ ನನ್ನ ಕಿವಿಯಲ್ಲಿರುವ ಆ ದನಿ ಅವಳದೆಂದೇ ತಿಳಿದಿದ್ದೆ. ನಿನ್ನೆಯಿಂದ ಗಮನವಿಟ್ಟು ಕೇಳುತ್ತಿದ್ದೇನೆ. ಅದು ಗಂಡಸಿನ ದನಿ.