ಕಿತ್ತ ಹಲ್ಲು, ಒಪ್ಪದ ಡಾಕ್ಟರು

ಡಾಕ್ಟರ ಕೈ ತಪ್ಪುವುದು ನಡೆಯುತ್ತಲೇ ಇರುತ್ತದೆ. ಅದನ್ನು ಅವರ ಬಾಯಿ ಒಪ್ಪುವುದು ಮಾತ್ರ ನಡೆಯುವುದಿಲ್ಲ. ಐವತ್ತರ ದಶಕದ ಕೊನೆಯಲ್ಲಿ, ನಾನು ಪುತ್ತೂರಿನಲ್ಲಿ ಇಂಗ್ಲಿಷ್ ಮಾಸ್ಟ್ರಾಗಿದ್ದಾಗ ಪಟ್ಟ ಪಾಡು ಇದು.

ಪುತ್ತೂರು

ನೋಯುತ್ತಿದ್ದದ್ದು ಎಡಗಡೆಯ ದವಡೆ ಹಲ್ಲು. ಡಾಕ್ಟರು ಇಕ್ಕಳ ಹಾಕಿದ್ದು ಬಲಗಡೆಗೆ. ಬಾಯಿ ತುಂಬ ಅವರ ಕೈ. ನಾನು ಕೈಕಾಲು ಬಡಿದೆ.

"ಹೆದರ್ಬೇಡಿ ಮಾಸ್ಟ್ರೇ," ಎಂದು ಕಿತ್ತೇಬಿಟ್ಟರು.

"ಇದು ಒಳ್ಳೆಯ ಹಲ್ಲು!" ಎಂದೆ.

ಅವರು ಅದನ್ನು ಬೆಳಕಿಗೆ ಹಿಡಿದರು. "ಹೌದು ಮಾರಾಯ್ರೆ, ಭಾರೀ ಗಟ್ಟಿ. ಇನ್ನು ಇದು ನಿಮಗೆ ಜನ್ಮದಲ್ಲಿ ನೋಯುದಿಲ್ಲ."

ತಪ್ಪಾಯಿತು ಎಂದು ಅವರು ಹೇಳುವವರೆಗೆ ನೋಯುವ ಹಲ್ಲನ್ನು ಮುಟ್ಟಲು ಬಿಡುವುದಿಲ್ಲ ಎಂದು ಎದ್ದು ಬಂದೆ.

"ಅವರ ಕೈಗುಣ ಒಳ್ಳೆದುಂಟು," ಎಂದಳು ಹೆಂಡತಿ. "ಹಠ ನಿಮ್ಮದು, ನೋವೂ ನಿಮ್ಮದೇ. ಅವರಿಗೆಂತ?"

ಸುಳ್ಯ

ತಪ್ಪನ್ನು ಇನ್ನೊಬ್ಬ ಡಾಕ್ಟರ ಬಾಯಿಂದಲಾದರೂ ಹೇಳಿಸಬೇಕೆಂದು ಸುಳ್ಯಕ್ಕೆ ಹೋದೆ. ಅಲ್ಲಿಯ ಹಿರಿಯ ಡಾಕ್ಟರು ಬಾಯಿಯೊಳಗೆ ಇಣುಕಿ, "ಕಿತ್ತದ್ದು ಮಾತ್ರ ಬಹಳ ಚೆಂದ ಕಿತ್ತಿದ್ದಾರೆ," ಎಂದರು.

"ತಪ್ಪೋ ಅಲ್ಲವೋ, ಅದನ್ನು ಹೇಳಿ."

"ಬಾಯಿ ತೆರೆಯಿರಿ. ಇನ್ನೂ ಅಗಲ. ನಿಮ್ಮಲ್ಲಿ ಫೇಲಾದ ಹುಡುಗರ ಮನೆಗೆ ಹೋಗಿ, ನಾನು ಕಲಿಸಿದ್ದೇ ತಪ್ಪಾಯ್ತು ಅಂತ ನೀವು ಹೇಳ್ಲಿಕ್ಕುಂಟಾ?"

ಉತ್ತರ ನನ್ನಲ್ಲಿತ್ತು. ಬಾಯಿ ಮುಚ್ಚಲು ಅವರು ಬಿಡಬೇಕಲ್ಲ!

ಕಡಬ

ಅಷ್ಟರಲ್ಲಿ ಕೆನ್ನೆ ಊದಿತ್ತು. ಕಡಬಕ್ಕೆ ಹೊಸದಾಗಿ ಬಂದ ಡಾಕ್ಟರು ಏನನ್ನೂ ಮುಚ್ಚಿಡುವುದಿಲ್ಲವೆಂದು ಕೇಳಿ ಅಲ್ಲಿಗೆ ಓಡಿದೆ.

"ತಪ್ಪಾದರೆ ಹೇಳಿಯೇ ಬಿಡುದು ಸಾರ್," ಎಂದರು. ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದನೆಂದು ಕುರ್ಚಿಯಲ್ಲಿ ಕೂತೆ.

"ಪಂಜದವರೊಬ್ಬರಿಗೆ ಹಲ್ಲಿನ ಬೇರು ಒಳಗೇ ತುಂಡಾಯ್ತು, ಹೇಳಿದೆ. ಇಚಿಲಂಪಾಡಿಯವರೊಬ್ಬರಿಗೆ ದವಡೆಯೇ ಜಾರಿತು, ಅದನ್ನೂ ಹೇಳಿದೆ. ನಿಮಗೆ ಎಂತ ಆದರೂ ಖಂಡಿತ ಹೇಳ್ತೇನೆ." ಇಕ್ಕಳ ಎತ್ತಿಕೊಂಡರು.

ಮೊದಲು ಸಿಕ್ಕಿದ ಬಸ್ಸು ಹತ್ತಿದೆ. ಅದು ಪುತ್ತೂರಿನದು.

ಮತ್ತೆ ಪುತ್ತೂರು

ಹಳೆಯ ಡಾಕ್ಟರು ಕುರ್ಚಿಯಲ್ಲಿ ಕೂರಿಸಿದರು. ಎಡಗಡೆಯ ಹಲ್ಲಿನ ಮೇಲೆ ನಾನೇ ಬೆರಳಿಟ್ಟು ತೋರಿಸಿದೆ. ಒಂದೇ ಎಳೆತಕ್ಕೆ ಬಂತು. ನೋವು ಹೋಯಿತು. ನಾನು ಮಾತ್ರ ಕುರ್ಚಿ ಬಿಟ್ಟೇಳಲಿಲ್ಲ. "ಈಗಲಾದರೂ ಹೇಳಿ. ಅವತ್ತು ಆದದ್ದು ತಪ್ಪು ತಾನೇ?"

ಡಾಕ್ಟರು ಕೈ ಒರೆಸಿಕೊಂಡರು. ಹೊರಗೆ ಕೂತವರಿಗೆ ಕೇಳಿಸದಂತೆ ಬಾಗಿಲು ಮುಚ್ಚಿದರು. ನನ್ನ ಹೆಗಲ ಮೇಲೆ ಕೈಯಿಟ್ಟರು. ಕೊನೆಗೂ ಬಂತು ಎಂದುಕೊಂಡೆ.

"ತಪ್ಪು ಯಾರಿಗಾದ್ರೂ ಆಗ್ತದೆ ಮಾಸ್ಟ್ರೇ," ಎಂದರು ಮೆಲ್ಲಗೆ. "ಅವತ್ತು ನೀವು ಹಲ್ಲನ್ನು ಸರಿಯಾಗಿ ತೋರಿಸದೇ ಇದ್ದದ್ದನ್ನು ನಾನು ಯಾರ ಹತ್ರವೂ ಹೇಳುದಿಲ್ಲ. ಧೈರ್ಯವಾಗಿ ಮನೆಗೆ ಹೋಗಿ."