ರಾಕ್ಷಸಿಗೊಂದು ನಡತೆಯ ಪ್ರಮಾಣಪತ್ರ

ಬಿಳಿಯ ಹಾಳೆಯೊಂದು ಕಣ್ಣಿಗೆ ಬಿದ್ದರೆ ಅದರ ಎಡಬದಿಗೆ ಗೀಟೊಂದನ್ನೆಳೆದು, ಮೇಲ್ತುದಿಯಲ್ಲಿ ‘ಕ್ರಮಸಂಖ್ಯೆ’ ಎಂದು ಬರೆಯದೆ ಇರಲಾರದ ದೌರ್ಬಲ್ಯ ನನ್ನದು. ಇಸ್ಪೀಟು, ನಶ್ಯ ಮೊದಲಾದ ದೌರ್ಬಲ್ಯಗಳಿಗೆ ಸಮಾಜದಲ್ಲಿ ಅಷ್ಟಿಷ್ಟು ಸಹಾನುಭೂತಿಯಾದರೂ ದೊರೆಯುತ್ತದೆ; ಇದಕ್ಕೆ ದೊರೆಯುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಇಪ್ಪತ್ತಾರು ವರ್ಷ ಕನ್ನಡ ಕಲಿಸಿ, ಸ್ವಯಂನಿವೃತ್ತಿ ಪಡೆದು ಕೋಲಾರದ ಸ್ವಂತ ಮನೆಗೆ ಬಂದು ಕುಳಿತ ಮೇಲೆ ಈ ಚಟ ಇಮ್ಮಡಿಸಿತು. ಬಂಧುಗಳು ಮದುವೆಯ ಕರೆಯೋಲೆಯನ್ನು ಕೊಡಲು ಬಂದರೆ, ನಾನು ಕೆಂಪು ಪೆನ್ನನ್ನು ಹುಡುಕುವಷ್ಟರಲ್ಲಿ ಕಾಫಿಯನ್ನೂ ಕುಡಿಯದೆ ಎದ್ದುಬಿಡುತ್ತಿದ್ದರು. ಮದುವೆಗೆ ಹೋದರೆ ವಧೂವರರ ಕಡೆಯವರು ನನ್ನನ್ನು ಊಟದ ಮೊದಲನೆಯ ಪಂಕ್ತಿಗೇ ಕೂರಿಸಿ ಬೇಗನೆ ಬೀಳ್ಕೊಡುತ್ತಿದ್ದರು. ಅದನ್ನು ಗೌರವವೆಂದು ನಾನು ಬಹುಕಾಲ ಭಾವಿಸಿದ್ದೆ.

ಹೀಗಿರಲಾಗಿ, ಶ್ರೀನಿವಾಸಪುರದ ಕಡೆ ಪಶುವೈದ್ಯೆಯಾಗಿರುವ ನನ್ನ ಮಗಳು ಮೇಘನಾ ಕಾಲೇಜಿನ ಹಾಸ್ಟೆಲಿನಲ್ಲಿ ಕಲಿತ ಆಟವೊಂದನ್ನು ಮನೆಗೆ ತಂದಳು. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಹಜಾರದ ಮೇಜಿನ ಸುತ್ತ ನಾಲ್ಕು ಜನ ಕೂರುತ್ತಾರೆ. ಮೇಘನಾ ಕಥೆ ನಡೆಸುತ್ತಾಳೆ: “ಎದುರಿಗೆ ಕಾಡಿದೆ, ಕಾಡಿನೊಳಗೆ ಗುಹೆಯಿದೆ, ಏನ್ ಮಾಡ್ತೀರಾ?” ಉಳಿದವರು ತಮತಮಗೆ ಆರಿಸಿಕೊಂಡ ಪಾತ್ರವಾಗಿ ಉತ್ತರಿಸುತ್ತಾರೆ, ಒಬ್ಬರು ಬಿಲ್ಲುಗಾರ, ಒಬ್ಬರು ಮಂತ್ರವಾದಿ, ಹೀಗೆ. ಮಾಡಹೊರಟ ಕೆಲಸ ಕೈಗೂಡಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ನಿರ್ಣಯಿಸುತ್ತದೆ. ಗೆಲುವಿಲ್ಲ, ಸೋಲಿಲ್ಲ, ಅಂಕವಿಲ್ಲ, ತೇರ್ಗಡೆಯಿಲ್ಲ. ಇಂಥದ್ದನ್ನು ಆಟವೆಂದು ಕರೆಯುವುದು ಸಾಧುವೇ ಎಂದು ನಾನು ಮೊದಲ ಭಾನುವಾರವೇ ಕೇಳಿದೆ. “ಅಪ್ಪಾ, ನೀವು ಪೇಪರ್ ಓದಿ” ಎಂದಳು ಮಗಳು.

ಆಟಗಾರರ ಪೈಕಿ ಒಬ್ಬ ನಾಗೇಶ, ಮೇಘನಾಳ ಶಾಲಾದಿನಗಳ ಸಹಪಾಠಿ. ಶಿವಾರಪಟ್ಟಣದಲ್ಲಿ ದೇವರ ವಿಗ್ರಹಗಳನ್ನು ಕೆತ್ತುವವನು. ಇನ್ನೊಬ್ಬಳು ರೆಡ್ಡೆಮ್ಮ, ಶ್ರೀನಿವಾಸಪುರದ ಆಚೆಯ ಹಳ್ಳಿಯೊಂದರ ಹಾಲಿನ ಡೈರಿಯ ಕಾರ್ಯದರ್ಶಿ. ನನ್ನ ಹಳೆಯ ವಿದ್ಯಾರ್ಥಿನಿಯೂ ಹೌದು. ಮೂರನೆಯವಳು ನನ್ನ ಧರ್ಮಪತ್ನಿ ಶಾರದೆ. ಇಪ್ಪತ್ತೆಂಟು ವರ್ಷ ನನ್ನೊಡನೆ ನಿಯಮಬದ್ಧವಾಗಿ ಬಾಳಿದ ಈ ಸಾಧ್ವಿ, ಆಟದಲ್ಲಿ ಯಾವ ಪಾತ್ರ ಬೇಕೆಂದು ಕೇಳಿದ್ದೇ ತಡ, “ಕಳ್ಳಿ” ಎಂದಳು. ಆ ವಾರವಿಡೀ ನಾನು ನನ್ನ ಬೀರುವಿನ ಬೀಗವನ್ನು ಎರಡೆರಡು ಸಲ ಎಳೆದು ನೋಡಿದೆ.

ಆಟದ ಪುಸ್ತಕ ಇಂಗ್ಲಿಷಿನಲ್ಲಿತ್ತು. ರೆಡ್ಡೆಮ್ಮನಿಗೂ ಶಾರದೆಗೂ ಅದು ತೊಡಕಾಗುತ್ತಿತ್ತು. “ಅಪ್ಪಾ, ನಿಯಮಗಳನ್ನ ಕನ್ನಡದಲ್ಲಿ ಬರೆದುಕೊಡ್ತೀರಾ?” ಎಂದು ಮಗಳು ಕೇಳಿದಳು. ನಿವೃತ್ತಿಯ ತರುವಾಯ ನನ್ನನ್ನು ಯಾರಾದರೂ ಏನನ್ನಾದರೂ ಬರೆದುಕೊಡಿರೆಂದು ಕೇಳಿದ್ದು ಅದೇ ಮೊದಲು. ಹನ್ನೊಂದು ದಿನಗಳಲ್ಲಿ ನಲವತ್ತೆರಡು ಪುಟಗಳನ್ನು ಬರೆದೆ. ಅನುವಾದಿಸುವಾಗ ಮೂಲದಲ್ಲಿದ್ದ ಲೋಪಗಳನ್ನು ಸರಿಪಡಿಸುವುದು ವಿದ್ವಾಂಸನ ಕರ್ತವ್ಯವಷ್ಟೆ? ಆಟ ನಡೆಸುವವರ ಒಪ್ಪಿಗೆಯಿದ್ದರೆ ದೈತ್ಯ ಪಿಶಾಚಾದಿಗಳನ್ನೂ ಆಟಗಾರರು ತಮ್ಮ ಪಾತ್ರವಾಗಿ ಆರಿಸಿಕೊಳ್ಳಬಹುದೆಂದು ಆ ಪುಸ್ತಕದಲ್ಲಿತ್ತು. ನಾನು ಅದನ್ನು ಹೊಡೆದುಹಾಕಿ, ನಾಲ್ಕನೆಯ ಪ್ರಕರಣದಲ್ಲಿ ಹೀಗೆ ಬರೆದೆ: “ರಾಕ್ಷಸ, ಪಿಶಾಚ, ಬೇತಾಳಾದಿಗಳು ಆಟಗಾರರ ಪಾತ್ರಗಳಾಗತಕ್ಕದ್ದಲ್ಲ. ಅವು ಕೊಲ್ಲಲ್ಪಡತಕ್ಕವು.”

ಮರುಭಾನುವಾರ ಇದನ್ನು ಗಟ್ಟಿಯಾಗಿ ಓದಿದೆ. ರೆಡ್ಡೆಮ್ಮ ತನ್ನ ಚೀಲದಿಂದ ಮಡಿಸಿದ ಹಾಳೆಯೊಂದನ್ನು ಅರ್ಧ ತೆಗೆದವಳು ಮತ್ತೆ ಒಳಗಿಟ್ಟಳು. ಅದರಲ್ಲಿ ಅವಳು ವಾರವೆಲ್ಲ ಕುಳಿತು ಕಟ್ಟಿದ ಹೊಸ ಪಾತ್ರವಿದೆಯೆಂದು ಮೇಘನಾ ತಿಳಿಸಿದಳು: ಉಗ್ರಕ್ಕ ಎಂಬ ರಾಕ್ಷಸಿ, ಎತ್ತರ ಏಳೂವರೆ ಅಡಿ.

“ಯಾಕಾಗಬಾರದು ಸರ್?” ಎಂದ ನಾಗೇಶ.

ನಾನು ಕಾರಣಗಳನ್ನು ಕ್ರಮವಾಗಿ ಹೇಳಿದೆ. ರಾಕ್ಷಸರೇ ನಾಯಕರಾದರೆ ನಾಯಕರು ಯಾರನ್ನು ಕೊಲ್ಲಬೇಕು? ಏಳೂವರೆ ಅಡಿಯ ರಾಕ್ಷಸಿ ಊರೊಳಗೆ ಕಾಲಿಟ್ಟರೆ ಅಂಗಡಿಯವರು ಬಾಗಿಲು ಹಾಕಿಕೊಳ್ಳುವುದಿಲ್ಲವೇ? ಆಗ ನಿಮಗೆ ಅಕ್ಕಿ ಬೇಳೆ ಎಲ್ಲಿಂದ ಬಂದೀತು?

“ನಮ್ಮ ಕಸುಬಲ್ಲಿ ಕೇಳಿ ಸರ್” ಎಂದ ನಾಗೇಶ. “ದೇವೀನ ಕೆತ್ತೋವಾಗ ಮೂಗಿಷ್ಟು, ಕಣ್ಣಿಷ್ಟು ಅಂತ ಅಳತೆ ಇರ್ತದೆ. ಒಂದೆಳೆ ಆಚೀಚೆ ಆಗಂಗಿಲ್ಲ. ಕಾಲಡಿ ಬಿದ್ದಿರ್ತಾನಲ್ಲ ರಾಕ್ಷಸ, ಅವನ ಮುಖ ಮಾತ್ರ ನಮ್ಮಿಷ್ಟ. ವಿಗ್ರಹ ತಗೊಳ್ಳೋಕೆ ಬಂದೋರು ದೇವಿಗೆ ಕೈ ಮುಗೀತಾರೆ, ಆಮೇಲೆ ಬಗ್ಗಿ ಬಗ್ಗಿ ನೋಡೋದು ಅವನನ್ನೇ.”

ಇದು ನಿಜವಿರಬಹುದೆಂದು ನನಗೂ ಒಳಗೊಳಗೆ ಅನ್ನಿಸಿತು. ಆವಣಿಯ ಬಳಿಯ ನಮ್ಮ ಹಳ್ಳಿಯಲ್ಲಿ ನಾಟಕವಾಡುವಾಗ, ರಾಕ್ಷಸ ರಂಗಕ್ಕೆ ಬರುವ ಹೊತ್ತಿಗೆ ತಾಯಂದಿರು ತೂಕಡಿಸುವ ಮಕ್ಕಳ ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದರು. ದೇವರು ಪ್ರತ್ಯಕ್ಷನಾಗುವ ಹೊತ್ತಿಗೆ ಗಂಡಸರು ಬೀಡಿ ಸೇದಲು ಎದ್ದುಹೋಗುತ್ತಿದ್ದರು. ಆದರೆ ವಾದದ ನಡುವೆ ಇಂಥ ನೆನಪುಗಳನ್ನು ಹೊರಗೆಡಹುವುದು ಕ್ರಮವಲ್ಲ.

“ಗೇಟಿನ ಮೇಲೆ ನಾಲಿಗೆ ಚಾಚ್ಕೊಂಡಿರೋ ದೃಷ್ಟಿಬೊಂಬೆ ಕಟ್ಟಿದೋರು ನೀವೇ ಅಲ್ವಾ?” ಎಂದಳು ಶಾರದೆ. “ಬಿಸಿಲಲ್ಲಿ ನಿಂತು ಮನೆ ಕಾಯೋಕೆ ರಾಕ್ಷಸ ಬೇಕು. ಒಳಗೆ ಕರೆದು ಒಂದು ಕುರ್ಚಿ ಕೊಡಿ ಅಂದ್ರೆ ಆಗಲ್ಲ.”

“ಕಳ್ಳಿಯರ ಸಾಕ್ಷ್ಯ ಗ್ರಾಹ್ಯವಲ್ಲ” ಎಂದೆ.

ಅಷ್ಟರಲ್ಲಿ ರೆಡ್ಡೆಮ್ಮ ಎದ್ದು ನಿಂತಿದ್ದಳು. ಮುಖದಲ್ಲಿ ಎಂದಿನ ನಗುವೇ ಇತ್ತು. “ಪರವಾಲೇದು ಸರ್, ಬಿಡಿ. ಮುಂದಿನ ವಾರದಿಂದ ನಾನು ಬರಲ್ಲ.”

“ಅದೇಕಮ್ಮ? ಬೇರೆ ಪಾತ್ರಗಳಿಲ್ಲವೇ? ಒಳ್ಳೆಯ ವೈದ್ಯೆಯಾಗು, ಋಷಿಪತ್ನಿಯಾಗು.”

“ಬೆಳಗ್ಗೆ ಐದಕ್ಕೆ ಡೈರಿ ಬಾಗಿಲು ತೆಗೀತೀನಿ ಸರ್. ಹಾಲಿಗೆ ನೀರು ಬೆರೆಸಿ ಡಿಗ್ರಿ ಕಡಿಮೆ ಬಂತು ಅಂದ್ರೆ ಹಾಲು ಹಾಕಿದೋರು ನನ್ನನ್ನೇ ಬೈತಾರೆ, ನಗ್ತಾ ನಿಂತಿರ್ತೀನಿ. ಮನೇಲಿ ಅತ್ತೆ ಏನೇನೋ ಅಂತಾರೆ, ನಗ್ತೀನಿ. ಒಳ್ಳೇವಳಾಗಿರೋಕೆ ಎರಡು ಬಸ್ ಹತ್ತಿ ಕೋಲಾರಕ್ಕೆ ಯಾಕ್ ಬರ್ಬೇಕು ಸರ್? ಅದು ಊರಲ್ಲೇ ಆಗಿರ್ತೀನಲ್ಲ.” ಚೀಲವನ್ನು ಹೆಗಲಿಗೇರಿಸಿಕೊಂಡು, ಸ್ವಲ್ಪವೂ ದನಿ ಏರಿಸದೆ ಮುಂದುವರಿಸಿದಳು: “ಒಂಬತ್ತನೇ ಕ್ಲಾಸಲ್ಲಿ ಸ್ಕೂಲ್ ಡೇ ನಾಟಕಕ್ಕೆ ರಾಕ್ಷಸಿ ಪಾತ್ರ ಕೊಡಿ ಸರ್ ಅಂತ ನಿಮ್ಮನ್ನ ಕೇಳಿದ್ದೆ. ನೀನು ಒಳ್ಳೇ ಹುಡುಗಿ ಕಣಮ್ಮ ಅಂತ ಮರ ಮಾಡಿದ್ರಿ. ಮುಕ್ಕಾಲು ಗಂಟೆ ಹೊಂಗೆ ಕೊಂಬೆ ಹಿಡ್ಕೊಂಡು ನಿಂತಿದ್ದೆ.”

ನನಗೆ ನೆನಪಿತ್ತು. ಮರವೆಂದರೆ ಅದು ಮರ; ಒಂದು ಎಲೆಯೂ ಅಲುಗಿರಲಿಲ್ಲ. ಆ ಕಾರಣಕ್ಕಾಗಿ ಮುಂದಿನ ವರ್ಷವೂ ಅವಳನ್ನೇ ಮರವನ್ನಾಗಿ ಮಾಡಿದ್ದೆ. ಎಲ್ಲರೂ ನನ್ನತ್ತ ನೋಡುತ್ತಿದ್ದರು. ತಪ್ಪಾಯಿತೆಂದು ಒಪ್ಪಿಕೊಳ್ಳುವುದೊಂದೇ ಉಳಿದಿದ್ದ ಸರಳಮಾರ್ಗ. ಆದರೆ ಉಪಾಧ್ಯಾಯವೃತ್ತಿಯಲ್ಲಿದ್ದವನಿಗೆ ಆ ಮಾರ್ಗದ ಪರಿಚಯವಿರುವುದಿಲ್ಲ. ನಾನು ಹಾಳೆಯೊಂದನ್ನು ಎಳೆದುಕೊಂಡು ಗೀಟೆಳೆದೆ.

“ನಿಷೇಧವನ್ನು ಸಡಿಲಿಸೋಣ” ಎಂದೆ. “ಆದರೆ ಅರ್ಜಿಯ ಮೂಲಕ.”

ಹೀಗೆ ಹುಟ್ಟಿದ್ದು ‘ರಾಕ್ಷಸಾದಿಗಳ ಊರುಪ್ರವೇಶಕ್ಕಾಗಿ ಅರ್ಜಿ’. ಅರ್ಜಿದಾರರ ಹೆಸರು, ಹಿಂದೆ ವಾಸಿಸುತ್ತಿದ್ದ ಕಾಡು, ಆ ಕಾಡನ್ನು ಬಿಟ್ಟ ಕಾರಣ, ಇದುವರೆಗೆ ನುಂಗಿದವರ ವಿವರ (ಪ್ರತ್ಯೇಕ ಹಾಳೆ ಲಗತ್ತಿಸುವುದು), ಹೀಗೆ ಹದಿನಾರು ಕಲಮುಗಳು. ಕೊನೆಯದು ‘ನಡತೆ’. ಅದಕ್ಕೆ ಅರ್ಜಿದಾರರ ಗುರುತು ಬಲ್ಲ, ಊರಿನ ಗೌರವಸ್ಥ ನಿವಾಸಿಯೊಬ್ಬರ ಸಹಿ ಕಡ್ಡಾಯ. ನಮ್ಮ ನಾಡಿನಲ್ಲಿ ಯಾವ ಅರ್ಜಿಯೂ ಇದಿಲ್ಲದೆ ಪೂರ್ಣವಾಗುವುದಿಲ್ಲ.

ರೆಡ್ಡೆಮ್ಮ ಅಲ್ಲಿಯೇ ಕುಳಿತು, ಮುದ್ದಾದ ಅಕ್ಷರಗಳಲ್ಲಿ ಎಲ್ಲ ಕಲಮುಗಳನ್ನೂ ತುಂಬಿದಳು. ಕಾಡನ್ನು ಬಿಟ್ಟ ಕಾರಣ: ‘ಅಲ್ಲಿ ಮಾತಾಡುವವರಿರಲಿಲ್ಲ’. ನುಂಗಿದವರ ವಿವರ: ‘ಬಂದ ಮಾತುಗಳನ್ನು ಮಾತ್ರ’. ಬಳಿಕ ಅರ್ಜಿಯನ್ನು ನನ್ನ ಮುಂದಿಟ್ಟು, “ನನ್ನ ಗುರುತು ಬಲ್ಲ ಗೌರವಸ್ಥರು ನೀವೇ ಸರ್” ಎಂದಳು. ನಾನು ಪೆನ್ನೆತ್ತಿದೆ.

“ನಿಲ್ಲಿ ಅಪ್ಪಾ” ಎಂದಳು ಮೇಘನಾ. “ಊರಿನ ನಿವಾಸಿ ಅಂತ ನೀವೇ ಬರೆದಿದ್ದೀರಿ. ಆಟದೊಳಗಿಲ್ಲದೋರು ಸಹಿ ಹಾಕೋ ಹಂಗಿಲ್ಲ.”

ನಿಯಮ ನನ್ನದೇ, ಮೀರುವಂತಿರಲಿಲ್ಲ. ಐವತ್ತಮೂರನೆಯ ವಯಸ್ಸಿನಲ್ಲಿ, ನಾನು ಊರಬಾಗಿಲಿನಲ್ಲಿ ಅರ್ಜಿಗಳನ್ನು ಪರಿಶೀಲಿಸುವ ಉಪಾಧ್ಯಾಯರ ಪಾತ್ರವಾಗಿ ಆಟವನ್ನು ಪ್ರವೇಶಿಸಿದೆ. ನಡತೆಯ ಕಲಮಿನಲ್ಲಿ ‘ತೃಪ್ತಿಕರ’ ಎಂದು ಬರೆದು ಸಹಿ ಮಾಡಿದೆ. ಇಪ್ಪತ್ತಾರು ವರ್ಷ ಸಾವಿರಾರು ವರ್ಗಾವಣೆ ಪತ್ರಗಳ ಮೇಲೆ, ಎದುರಿಗೆ ನಿಂತ ಮಗುವಿನ ಮುಖವನ್ನೂ ನೋಡದೆ ಬರೆದ ಪದ ಅದು. ಉಗ್ರಕ್ಕ ಬಾಗಿಲ ಒಳಗೆ ಬಂದು ತಲೆ ತಗ್ಗಿಸಿ ನಿಂತಳು.

ಆಗ ಮೇಘನಾ ಹೇಳಿದಳು: ಬೆಟ್ಟದ ಕಡೆಯಿಂದ ತೋಳಗಳ ಹಿಂಡು ಇಳಿದಿದೆ, ಕುರಿ ಕಾಯುವ ಮುದುಕಿಯೊಬ್ಬಳು, ಇಬ್ಬರು ಮೊಮ್ಮಕ್ಕಳು, ನಲವತ್ತು ಕುರಿಗಳು ಓಡೋಡಿ ಬಂದು ಊರಬಾಗಿಲನ್ನು ಬಡಿಯುತ್ತಿವೆ. “ಉಪಾಧ್ಯಾಯರೇ, ಏನ್ ಮಾಡ್ತೀರಾ?”

ಇಲ್ಲಿ ನನ್ನಿಂದಾದುದನ್ನು ಓದುಗರು ತೆರೆದ ಮನಸ್ಸಿನಿಂದ ಪರಿಗಣಿಸಬೇಕು. ನಾನು ಅರ್ಜಿ ಕೇಳಿದೆ. ಮುದುಕಿಗೆ ಒಂದು, ಅಪ್ರಾಪ್ತವಯಸ್ಕರಾದ್ದರಿಂದ ಮಕ್ಕಳಿಗೆ ಪಾಲಕರ ಸಹಿಯೊಡನೆ ಒಂದೊಂದು. ಕುರಿಗಳಿಗೆ ನಲವತ್ತು ಅರ್ಜಿಗಳು ಬೇಕೇ ಅಥವಾ ಒಟ್ಟಾಗಿ ಒಂದು ಸಾಕೇ ಎಂಬುದನ್ನು ನಿರ್ಣಯಿಸುತ್ತಿದ್ದೆ.

“ರೀ, ತೋಳ ಬರ್ತಿದೆ!” ಎಂದಳು ಶಾರದೆ.

“ತೋಳಗಳಿಗೂ ಪ್ರತ್ಯೇಕ ಅರ್ಜಿ ಬೇಕಾಗುತ್ತದೆ” ಎಂದೆ.

ರೆಡ್ಡೆಮ್ಮ ದಾಳವನ್ನು ಎತ್ತಿ ಎಸೆದಳು. ಹತ್ತೊಂಬತ್ತು. “ಬಾಗಿಲು ಕಿತ್ತೆ” ಎಂದಳು. ಮುದುಕಿ, ಮಕ್ಕಳು, ಕುರಿಗಳು ಒಳಗೆ ನುಗ್ಗಿದವು. ಉಗ್ರಕ್ಕ ಕಿತ್ತ ಬಾಗಿಲನ್ನೇ ಗುರಾಣಿಯಾಗಿ ಹಿಡಿದು ತೋಳಗಳಿಗೆ ಎದುರಾದಳು. ಕುರ್ಚಿ ಹಿಂದಕ್ಕೆ ಬಿತ್ತು. ಹೊಂಗೆಯ ಕೊಂಬೆ ಹಿಡಿದು ಒಂದೆಲೆಯನ್ನೂ ಅಲುಗಿಸದಿದ್ದ ನನ್ನ ವಿದ್ಯಾರ್ಥಿನಿ ನಮ್ಮ ಹಜಾರದ ನಡುವೆ ನಿಂತು ಗರ್ಜಿಸಿದಳು: “ಬರ್ರೋ! ಒಬ್ಬೊಬ್ರೇ ಬರ್ರೋ! ನಿಮ್ಮ ಹಾಲಲ್ಲಿ ನೀರಿದೆ ಅಂತ ಇವತ್ತು ಮುಖದ ಮೇಲೇ ಹೇಳ್ತೀನಿ!”

ತೋಳಗಳು ಓಡಿದವು. ಪಕ್ಕದ ಮನೆಯವರು ಕಿಟಕಿ ತೆರೆದರು. ರೆಡ್ಡೆಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡು ಒಂದು ಕ್ಷಣ ಬೆದರಿ ನಿಂತಳು. ಅನಂತರ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗು ಡೈರಿಯ ಬಾಗಿಲಿನ ನಗುವಾಗಿರಲಿಲ್ಲ.

ಊರಿನವರು ಕೂಡಲೇ ಸಭೆ ಸೇರಿದರೆಂದು ಮೇಘನಾ ತಿಳಿಸಿದಳು. ತೀರ್ಮಾನ: ಉಗ್ರಕ್ಕ ಊರಲ್ಲೇ ಇರತಕ್ಕದ್ದು, ಉಪಾಧ್ಯಾಯರು ಹೊರಡತಕ್ಕದ್ದು. ಅವರು ಮರಳಿ ಬರಬೇಕಾದರೆ ಹದಿನಾರು ಕಲಮುಗಳ ಅರ್ಜಿಯನ್ನು ತುಂಬಿ, ಊರಿನ ಗೌರವಸ್ಥ ನಿವಾಸಿಯೊಬ್ಬರ ಸಹಿ ಪಡೆಯಬೇಕು. ಅಂಥವರು ಯಾರೆಂದು ಕೇಳಿದೆ. ಸದ್ಯಕ್ಕೆ ಊರಿನವರು ಗೌರವಿಸುವುದು ಒಬ್ಬಳನ್ನೇ ಎಂದು ಉತ್ತರ ಬಂತು.

ಅರ್ಜಿಯನ್ನು ತುಂಬಿ ರೆಡ್ಡೆಮ್ಮನ ಮುಂದಿಟ್ಟೆ. ಅವಳು ಎರಡು ಸಲ ಓದಿದಳು. ‘ನಡತೆ’ಯ ಬಳಿ ಪೆನ್ನು ನಿಂತಿತು. ನನ್ನ ಮುಖವನ್ನು ನೇರವಾಗಿ ನೋಡಿದಳು. “ನೋಡದೆ ಸಹಿ ಹಾಕಂಗಿಲ್ಲ ಸರ್. ಒಂದು ವಾರ ಮನೇಲಿ ಹೆಂಗಿರ್ತೀರೋ ಅಮ್ಮನವರನ್ನ ಕೇಳಿ, ಆಮೇಲೆ ಹೇಳ್ತೀನಿ.”

ಅಂದಿನಿಂದ ನಾನು ಪರೀಕ್ಷೆಯಲ್ಲಿದ್ದೇನೆ. ಸೋಮವಾರ ಬಸ್ಸಾರಿಗೆ ಉಪ್ಪಿರಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡೆ. ಮಂಗಳವಾರ ಬಂದ ಕರೆಯೋಲೆಯಲ್ಲಿ ಏಳು ತಪ್ಪುಗಳಿದ್ದವು. ತಂದವರಿಗೆ ಕಾಫಿಯನ್ನು ನಾನೇ ಮಾಡಿಕೊಟ್ಟೆ. ಅವರು ಗಾಬರಿಯಾಗಿ, ಯಜಮಾನರಿಗೆ ಆರೋಗ್ಯವಿಲ್ಲವೇ ಎಂದು ಶಾರದೆಯನ್ನು ಗುಟ್ಟಾಗಿ ವಿಚಾರಿಸಿದರಂತೆ. ನಿನ್ನೆ ಸಂಜೆ ಅಡುಗೆಮನೆಯಲ್ಲಿ ಅವಳು ಫೋನಿನಲ್ಲಿ ಮಾತನಾಡುತ್ತಿದ್ದಳು. ನನ್ನ ನಡತೆಯ ವರದಿ ಹೋಗುತ್ತಿದೆಯೆಂದು ಹಿಗ್ಗಿ, ಬಾಗಿಲ ಬಳಿ ನಿಂತು ಕಿವಿಗೊಟ್ಟೆ.

“ಹೂಂ ರೆಡ್ಡೆಮ್ಮ, ಚಿನ್ನದಂಥ ಮನುಷ್ಯ ಆಗಿಬಿಟ್ಟಿದ್ದಾರೆ ಕಣೇ” ಎನ್ನುತ್ತಿದ್ದಳು ನನ್ನ ಧರ್ಮಪತ್ನಿ. “ಅದಕ್ಕೇ ಹೇಳ್ತಿದ್ದೀನಿ, ಹುಷಾರು, ಬೇಗ ಸಹಿ ಹಾಕ್ಬಿಟ್ಟೀಯಾ ಮತ್ತೆ!”